ಕಾರವಾರದ ಸೈಕಲ್ ದಾರಿ ಎಲ್ಲಿ ತುಂಡಾಯಿತು?

ನಮ್ಮ ಮನೆಯ ಹಳೆ ಟ್ರಂಕಿನಲ್ಲಿ ಒಂದು ತಗಡಿನ ಬಿಲ್ಲೆ ಇದೆ. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಮೇಲೆ ಪುರಸಭೆಯ ಹೆಸರು, ನಡುವೆ ನಂಬರು, ಕೆಳಗೆ ವರ್ಷ. ತುಕ್ಕು ಹಿಡಿದು ವರ್ಷದ ಕೊನೆಯ ಅಂಕಿ ಅಳಿಸಿ ಹೋಗಿದೆ. ಅಪ್ಪನ ಸೈಕಲ್ಲಿನ ಹ್ಯಾಂಡಲ್ ಕೆಳಗೆ ತಂತಿ ಸುತ್ತಿ ಕಟ್ಟಿದ್ದ ಬಿಲ್ಲೆ ಅದು. ಆಗ ಸೈಕಲ್ಲಿಗೂ ತೆರಿಗೆ ಇತ್ತು. ದುಡ್ಡು ಕಟ್ಟಿ ಬಿಲ್ಲೆ ತರಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ ಹಿಡಿಯುತ್ತಿದ್ದರು. ರಾತ್ರಿ ದೀಪ ಇಲ್ಲದಿದ್ದರೂ, ಡಬಲ್ ರೈಡ್ ಹೋದರೂ ಅಷ್ಟೇ.

ಆ ತೆರಿಗೆಯನ್ನು ಖುಷಿಯಿಂದ ಕಟ್ಟಿದವರು ಯಾರೂ ಇರಲಿಕ್ಕಿಲ್ಲ. ಆದರೆ ಅದರಿಂದ ಒಂದು ಅನುಕೂಲ ಇತ್ತು. ಊರಲ್ಲಿ ಎಷ್ಟು ಸೈಕಲ್ ಓಡುತ್ತಿದೆ ಅಂತ ಪುರಸಭೆಯ ಪುಸ್ತಕದಲ್ಲಿ ಲೆಕ್ಕ ಸಿಗುತ್ತಿತ್ತು. ತೆರಿಗೆ ನಿಂತಿತು, ಲೆಕ್ಕವೂ ನಿಂತಿತು. ಆಮೇಲೆ ರಸ್ತೆ ಅಗಲ ಮಾಡುವಾಗ, ಚರಂಡಿ ಕಟ್ಟುವಾಗ, ಡಿವೈಡರ್ ಹಾಕುವಾಗ ಬಸ್ಸು, ಲಾರಿ, ಕಾರು ಎಣಿಸಿದರು. ಸೈಕಲ್ ಎಣಿಸಿದವರು ಕಡಿಮೆ. ಇವತ್ತಿನ ತೊಂದರೆಯ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಕಾರವಾರ ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ಮಧ್ಯದಲ್ಲಿ ಸಪಾಟು ನೆಲ. ಶಿರಸಿಯಲ್ಲಿ ಹತ್ತಿ ಇಳಿದು ಕಾಲು ಸೋಲುತ್ತದೆ, ಇಲ್ಲಿ ಆ ಕಷ್ಟ ಇಲ್ಲ. ಕಾಜುಬಾಗ, ಹಬ್ಬುವಾಡ, ನಂದನಗದ್ದಾ, ಕೋಡಿಬಾಗ ಎಲ್ಲವೂ ಸೈಕಲ್ ತುಳಿದರೆ ಬೆವರು ಬರುವ ಮೊದಲೇ ಮುಟ್ಟುವಷ್ಟು ಹತ್ತಿರ. ಮಳೆಗಾಲ ಜೋರು, ನಿಜ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಕರಾವಳಿ ಇದು. ಆದರೂ ಬೆಳಿಗ್ಗೆ ಪೊಂ ಪೊಂ ಅಂತ ಹಾರ್ನ್ ಒತ್ತುತ್ತಾ ಪಾವ್ ಮಾರುವವರು ಮಳೆಯಲ್ಲೂ ಪ್ಲಾಸ್ಟಿಕ್ ಹೊದೆಸಿದ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಮೀನು ಮಾರುವವರು ಹಿಂದಿನ ಕ್ಯಾರಿಯರಿಗೆ ಪೆಟ್ಟಿಗೆ ಬಿಗಿದು ಒಳಗಿನ ಹಳ್ಳಿಗಳ ತನಕ ತುಳಿಯುತ್ತಿದ್ದರು. ಅವರಲ್ಲಿ ತುಂಬಾ ಜನ ಆಮೇಲೆ ಎಂ-80 ಎಂಬ ಸಣ್ಣ ಮೋಟಾರು ಗಾಡಿಗೆ ಹೋದರು.

ಕಾಳಿ ನದಿ ದಾಟುವುದೇ ಒಂದು ಕಥೆ. ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ಆಚೆ ದಡದ ಸದಾಶಿವಗಡಕ್ಕೆ ತಾರಿಯೇ, ಅಂದರೆ ದಾಟಿಸುವ ದೋಣಿಯೇ ಗತಿ. ಸೈಕಲ್ ಇದ್ದವರು ಅದನ್ನೂ ಹತ್ತಿಸಿಕೊಂಡು ಹೋಗುತ್ತಿದ್ದರು. 1980ರ ದಶಕದಲ್ಲಿ ಸೇತುವೆ ಬಂತು. ಆಮೇಲೆ ಹೆದ್ದಾರಿ ಚತುಷ್ಪಥ ಆಗುವಾಗ ಪಕ್ಕದಲ್ಲೇ ಇನ್ನೊಂದು ಕಟ್ಟಿದರು. ಹೋಗಲು ಒಂದು, ಬರಲು ಒಂದು. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿ ತಂದರು. ಎರಡು ಸೇತುವೆಯ ವಾಹನ ಒಂದರ ಮೇಲೇ ಬಂದಾಗ ಮೊದಲು ಇಕ್ಕಟ್ಟಿಗೆ ಸಿಕ್ಕವರು ಸೈಕಲ್ಲಿನವರು. ಎದುರಿಂದ ಬಸ್ಸು, ಹಿಂದಿಂದ ಲಾರಿ. ಸೇತುವೆ ಮೇಲೆ ಬದಿಗೆ ಇಳಿಯುತ್ತೇನೆ ಅಂದರೆ ಎಲ್ಲಿ ಇಳಿಯುವುದು?

ಹೆದ್ದಾರಿಯ ಹೆಸರೂ ಬದಲಾಗಿದೆ. ನಾವು ಚಿಕ್ಕವರಿದ್ದಾಗ ಅದು ಎನ್‌ಎಚ್ 17, ಈಗ ಎನ್‌ಎಚ್ 66. ಹೆಸರಿನ ಜೊತೆ ಸ್ವಭಾವವೂ ಬದಲಾಯಿತು. ಹಿಂದೆ ಅದು ಊರಿನ ದೊಡ್ಡ ಬೀದಿಯ ಹಾಗೇ ಇತ್ತು. ಈಗ ಮಧ್ಯದಲ್ಲಿ ಡಿವೈಡರ್, ಎರಡೂ ಕಡೆ ವೇಗ. ಕೋಡಿಬಾಗದಲ್ಲಿ ಬೆಳಿಗ್ಗೆ ಶಾಲೆ ಹೊತ್ತಿಗೆ ಹತ್ತು ನಿಮಿಷ ನಿಂತು ನೋಡಿ. ಹುಡುಗಿಯೊಬ್ಬಳು ಸೈಕಲ್ಲಿನಿಂದ ಇಳಿಯುತ್ತಾಳೆ. ಬಲಕ್ಕೆ ನೋಡುತ್ತಾಳೆ, ಒಂದು ಹೆಜ್ಜೆ ಇಡುತ್ತಾಳೆ, ಹಿಂದೆ ಬರುತ್ತಾಳೆ. ಸಂದು ಸಿಕ್ಕಾಗ ಓಡಿ ಡಿವೈಡರ್ ಹತ್ತಿರ ನಿಲ್ಲುತ್ತಾಳೆ. ಮುಂದಿನ ಗಾಲಿ ಎತ್ತಿ ಆ ಕಡೆ ಇಡುತ್ತಾಳೆ, ಆಮೇಲೆ ಹಿಂದಿನದು. ಚೀಲ ಒಂದು ಬದಿಗೆ ಜಾರುತ್ತದೆ. ಮತ್ತೆ ಎಡಕ್ಕೆ ನೋಡುತ್ತಾಳೆ. ತಿರುಗುವ ಜಾಗ ದೂರ ಅಂತ ಬೇರೆಯವರು ರಸ್ತೆಯ ತಪ್ಪು ಬದಿಯಲ್ಲೇ ಎದುರು ದಿಕ್ಕಿಗೆ ತುಳಿದು ಬರುತ್ತಾರೆ. ಅವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ದಾಟಲು ಜಾಗ ಕೊಡದೆ ಬುದ್ಧಿ ಹೇಳಿದರೆ ಏನು ಪ್ರಯೋಜನ ಅಲ್ವಾ?

2006ರಲ್ಲಿ ಎರಡು ಸಂಗತಿ ನಡೆದವು. ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದಿತು. ರಸ್ತೆಯ ಜಾಗ ಹಂಚುವಾಗ ವಾಹನಕ್ಕಿಂತ ಜನರನ್ನು ನೋಡಬೇಕು, ನಡೆಯುವವರಿಗೂ ಸೈಕಲ್ಲಿನವರಿಗೂ ಜಾಗ ಬೇಕು ಅಂತ ಅದರಲ್ಲಿ ಬರೆದಿತ್ತು. ಅದೇ ಹೊತ್ತಿಗೆ, 2006-07ರಲ್ಲಿ, ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಎಷ್ಟೋ ಹಳ್ಳಿಯ ಹುಡುಗಿಯರು ಹೈಸ್ಕೂಲು ಬಿಡದೆ ಓದಿದ್ದು ಆ ಸೈಕಲ್ಲಿನಿಂದ. ಒಳ್ಳೆಯ ನೀತಿ, ಒಳ್ಳೆಯ ಯೋಜನೆ. ಆದರೆ ಎರಡನ್ನೂ ಒಂದೇ ರಸ್ತೆಯ ಮೇಲೆ ತಂದು ಕೂಡಿಸಿದವರು ಕಾಣಲಿಲ್ಲ. ಕೊರೊನಾ ಬಂದ ಮೇಲೆ ಸೈಕಲ್ ಹಂಚುವುದೂ ನಿಂತಿತು.

ಮುಂದಿನ ಪ್ರಯತ್ನಗಳೆಲ್ಲ ದೊಡ್ಡ ಊರುಗಳದ್ದು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂತು. 2020ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ, ಸೈಕಲ್ಲಿಗೆ ಅನುಕೂಲ ಮಾಡಿಕೊಡುವ ವಿಷಯದಲ್ಲಿ ನಗರ ನಗರಗಳ ನಡುವೆ ಸ್ಪರ್ಧೆ ಶುರುವಾಯಿತು. ಕಾರವಾರ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿಲ್ಲ. ನಮ್ಮಂಥ ಊರಿನ ಪಾಲಿಗೆ ಉಳಿದದ್ದು ನಗರಸಭೆಯೇ.

ಆದರೆ ನಗರಸಭೆ ಕೈಯಲ್ಲಿ ಎಲ್ಲ ರಸ್ತೆ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಎನ್‌ಎಚ್ 66 ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯದ್ದು. ವಾರ್ಡುಗಳ ಒಳಬೀದಿ ನಗರಸಭೆಯದ್ದು. ಊರಿನ ಮಹಾಯೋಜನೆ ಬರೆಯುವುದು ನಗರಾಭಿವೃದ್ಧಿ ಪ್ರಾಧಿಕಾರ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್ ತುಳಿಯುವ ಮಗು ಇವರಲ್ಲಿ ಮೂವರ ರಸ್ತೆ ದಾಟಬಹುದು. ಒಬ್ಬರ ರಸ್ತೆ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲೇ ಡಾಂಬರಿನ ಅಂಚು ನಾಲ್ಕು ಬೆರಳು ಎತ್ತರ ಇರುತ್ತದೆ. ಅಲ್ಲೇ ಚರಂಡಿಯ ಚಪ್ಪಡಿ ಒಡೆದಿರುತ್ತದೆ. ಕೆಲವು ಕಡೆ ನೀರು ಇಳಿಯಲು ಹಾಕಿದ ಕಬ್ಬಿಣದ ಜಾಲರಿಯ ಸರಳು ರಸ್ತೆಯ ಉದ್ದಕ್ಕೇ ಇರುತ್ತವೆ. ಕಾರಿನ ಟೈರಿಗೆ ಅದು ಲೆಕ್ಕಕ್ಕಿಲ್ಲ. ಸೈಕಲ್ ಗಾಲಿ ಸರಿಯಾಗಿ ಸಂದಿಗೆ ಇಳಿಯುತ್ತದೆ. ಆ ಸರಳನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಆಯಿತು. ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ.

ಕರಾವಳಿಯಲ್ಲಿ ಸೈಕಲ್ ದಾರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಡಲ ದಂಡೆ. ಟಾಗೋರ್ ಕಡಲತೀರದ ಉದ್ದಕ್ಕೆ ಒಂದು ಚೆಂದದ ದಾರಿ ಇದ್ದರೆ ಸಾಕು ಅನ್ನಿಸುತ್ತದೆ. ಸಂಜೆ ಗಾಳಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಒಂದೇ ದಾರಿಯಿಂದ ಊರು ಸೈಕಲ್ ಹತ್ತುವುದಿಲ್ಲ ಅಂತ ನೆದರ್‌ಲ್ಯಾಂಡ್ಸ್‌ನವರು ಕೈಸುಟ್ಟುಕೊಂಡು ಕಲಿತರು. ಅಲ್ಲೂ ಮೊದಲು ಕಾರಿನದೇ ಕಾರುಬಾರು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3300 ಜನ ಸತ್ತರು, ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಇಳಿದರು. 70ರ ದಶಕದಲ್ಲಿ ಹೇಗ್ ಮತ್ತು ಟಿಲ್‌ಬರ್ಗ್ ಊರುಗಳಲ್ಲಿ ಒಂದೊಂದು ಅಂದದ ಸೈಕಲ್ ದಾರಿ ಮಾಡಿದರು. ಆ ದಾರಿಯಲ್ಲಿ ಓಡಾಟ ಹೆಚ್ಚಿತು, ಆದರೆ ಊರಲ್ಲಿ ಸೈಕಲ್ ಬಳಕೆ ಅಷ್ಟೇನೂ ಏರಲಿಲ್ಲ. 80ರ ದಶಕದಲ್ಲಿ ಡೆಲ್ಫ್ಟ್ ಎಂಬ ಸಣ್ಣ ಊರು ಬೇರೆ ರೀತಿ ಮಾಡಿತು. ಇದ್ದ ದಾರಿಗಳ ನಡುವೆ ಎಲ್ಲಿ ತುಂಡಾಗಿದೆ ಅಂತ ಹುಡುಕಿ, ಆ ತುಂಡುಗಳನ್ನು ಜೋಡಿಸಿತು. ಕೆಲವು ಕಡೆ ಸೇತುವೆ, ಕೆಲವು ಕಡೆ ರಸ್ತೆಯ ಅಡಿಯಿಂದ ಹೋಗುವ ದಾರಿ, ಕೆಲವು ಕಡೆ ಸುಮ್ನೆ ಒಂದು ಸಣ್ಣ ಸಂಪರ್ಕ. ಊರಿಗೆ ಊರೇ ಬಲೆ ಹೆಣೆದ ಹಾಗಾಯಿತು. ಬಳಕೆ ಏರಿತು.

ಬಲೆ ಅಂದರೆ ಏನು ಅಂತ ಕಾರವಾರದವರಿಗೆ ಬೇರೆ ಹೇಳಬೇಕಾಗಿಲ್ಲ. ಒಂದು ಕಣ್ಣು ಹರಿದರೂ ಮೀನು ಅಲ್ಲಿಂದಲೇ ಹೋಗುತ್ತದೆ. ನಮ್ಮಲ್ಲಿ ನೂಲು ಆಗಲೇ ಇದೆ. ಹೆದ್ದಾರಿಗೆ ಸಮವಾಗಿ ಓಡುವ ಒಳಬೀದಿಗಳಿವೆ, ಅಲ್ಲಿ ವಾಹನ ಕಡಿಮೆ. ಅಲ್ಲಿ ಪ್ರತ್ಯೇಕ ಟ್ರ್ಯಾಕ್ ಕಟ್ಟಬೇಕಾಗಿಲ್ಲ, ವೇಗ ಇಳಿಸಿ ಅಂಚು ಸರಿ ಮಾಡಿದರೆ ನಡೆಯುತ್ತದೆ. ದೊಡ್ಡ ರಸ್ತೆಯಲ್ಲಿ ಮಾತ್ರ ಬೇರೆ ಟ್ರ್ಯಾಕ್ ಬೇಕು. ಸೈಕಲ್ ಟ್ರ್ಯಾಕ್ ಹೇಗಿರಬೇಕು ಅಂತ, ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಕನಿಷ್ಠ ಎರಡು ಮೀಟರ್ ಅಗಲ ಇರಬೇಕು ಅಂದಿದೆ.

ಹರಿದ ಕಣ್ಣು ಇರುವುದು ದಾಟುವ ಜಾಗಗಳಲ್ಲಿ. ಕೋಡಿಬಾಗದಲ್ಲಿ, ಸೇತುವೆಯ ಎರಡು ತುದಿಯಲ್ಲಿ, ಬಿಣಗಾದ ಕಡೆ ಹೆದ್ದಾರಿ ಸುರಂಗದ ಬಾಯಲ್ಲಿ. ಅವು ನಗರಸಭೆ ಒಂದರಿಂದಲೇ ಆಗುವ ಕೆಲಸ ಅಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಹೆದ್ದಾರಿಯವರು, ಲೋಕೋಪಯೋಗಿಯವರು, ಪೊಲೀಸರು ಒಂದೇ ಮೇಜಿನ ಮುಂದೆ ಕೂರುತ್ತಾರೆ. ಕೇಳಬೇಕಾದದ್ದು ಅಲ್ಲಿ. ಒಳಬೀದಿಯ ಜಾಲರಿ, ಚಪ್ಪಡಿ, ಅಂಚಿನ ವಿಷಯಕ್ಕೆ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆ ಇದೆ. ಸಾರ್ವಜನಿಕರು ಹೋಗಿ ಸಲಹೆ ಕೊಡಬಹುದು. ಬರಿಗೈಯಲ್ಲಿ ಹೋದರೆ ಮಾತು ನಿಲ್ಲುವುದಿಲ್ಲ. ಲೆಕ್ಕ ತಗೊಂಡು ಹೋಗಬೇಕು. 2011ರ ಜನಗಣತಿಯಲ್ಲಿ ಜನರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ಕೇಳಿದ್ದರು. ಅದು ಹಳೆಯದಾಯಿತು. ಶಾಲೆಗೆ ಹೋಗುವ ಮಕ್ಕಳು ಅದರಲ್ಲಿ ಇರಲೂ ಇಲ್ಲ.

ಹಾಗಾಗಿ ಈ ಸಲ ನಾನು ಒಂದು ನೋಟ್‌ಬುಕ್ ತಗೊಂಡಿದ್ದೇನೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಕೋಡಿಬಾಗ. ಎಷ್ಟು ಸೈಕಲ್, ಅದರಲ್ಲಿ ಮಕ್ಕಳೆಷ್ಟು, ಡಿವೈಡರ್ ಮೇಲೆ ಎತ್ತಿ ದಾಟಿದವರೆಷ್ಟು. ಬೈತಖೋಲ, ಸುಂಕೇರಿ, ಸದಾಶಿವಗಡದಲ್ಲಿ ಎಣಿಸಲು ಇನ್ನೂ ಮೂರು ಜನ ಬೇಕು.