ಏರಿನಲ್ಲಿ ಗೇರ್ ಬದಲಿಸಿದರೆ ಸೈಕಲ್ ಯಾಕೆ ಕಟಕಟ ಅನ್ನುತ್ತದೆ?

ಪ್ರಶ್ನೆ: ಹೊಸದಾಗಿ ರೋಡ್ ಬೈಕ್ ತಗೊಂಡಿದ್ದೇನೆ. ಮಟ್ಟ ರಸ್ತೆಯಲ್ಲಿ ಗೇರ್ ಸಲೀಸಾಗಿ ಬೀಳುತ್ತದೆ. ನಂದಿ ಬೆಟ್ಟ ಹತ್ತುವಾಗ ಮಾತ್ರ ಕಟಕಟ ಸದ್ದು. ಒಮ್ಮೆ ಚೈನೂ ಕಳಚಿತು. ಸೈಕಲ್ಲೇ ಸರಿ ಇಲ್ವಾ?

ಉತ್ತರ: ಮಟ್ಟ ರಸ್ತೆಯಲ್ಲಿ ಸರಿಯಾಗಿ ಬೀಳುತ್ತಿದ್ದರೆ ಸೈಕಲ್ ಬಹುತೇಕ ಚೆನ್ನಾಗೇ ಇದೆ. ನೀವು ಗೇರ್ ಬದಲಿಸುವ ಹೊತ್ತು ತಡವಾಗುತ್ತಿದೆ, ಅಷ್ಟೆ.

ಒಂದು ಸಲ ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಗೇರ್ ಬದಲಿಸಿ ನೋಡಿ. ಡಿರೇಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಚೈನನ್ನು ಸುಮ್ನೆ ಪಕ್ಕಕ್ಕೆ ತಳ್ಳುತ್ತದೆ. ಹಿಂದಿನ ಹಲ್ಲಿನ ಚಕ್ರಗಳ ಮೈಮೇಲೆ ಅಲ್ಲಲ್ಲಿ ಸಣ್ಣ ಇಳಿಜಾರು ಕೊರೆದಿರುತ್ತಾರೆ. ಚೈನ್ ಓಡುತ್ತಾ ಓಡುತ್ತಾ ಆ ಕೊರೆತ ಹಿಡಿದು ಪಕ್ಕದ ಚಕ್ರಕ್ಕೆ ಹತ್ತಿಕೊಳ್ಳುತ್ತದೆ. ಅದಕ್ಕೆ ಚೈನ್ ತಿರುಗುತ್ತಲೂ ಇರಬೇಕು, ತೀರಾ ಬಿಗಿಯಾಗಿ ಎಳೆದೂ ಇರಬಾರದು. ಏರಿನಲ್ಲಿ ಮೈಭಾರವೆಲ್ಲ ಪೆಡಲ್ ಮೇಲೆ ಹಾಕಿ ಗೇರ್ ಲಿವರ್ ಒತ್ತಿದರೆ ಚೈನ್ ಹಲ್ಲಿನ ತುದಿ ಮೇಲೆ ಹತ್ತಿ ಜಾರುತ್ತದೆ. ಆ ಕಟಕಟ ಅದೇ.

ಹಾಗಾದರೆ ಏರಿನ ಮಧ್ಯೆ ಕಾಲು ಹಗುರ ಮಾಡುವುದು ಹೇಗೆ? ಮೊದಲು ಒಂದೆರಡು ಸುತ್ತು ಸ್ವಲ್ಪ ಜೋರಾಗಿ ತುಳಿದು ವೇಗ ಕೂಡಿಸಿಕೊಳ್ಳಿ. ಆಮೇಲೆ ಅರ್ಧ ಸುತ್ತು ಕಾಲು ಸಡಿಲ ಬಿಟ್ಟು, ಅಷ್ಟರಲ್ಲಿ ಲಿವರ್ ಒತ್ತಿ. ಪೆಡಲ್ ಮಾತ್ರ ನಿಲ್ಲಬಾರದು. ನಂದಿಯ ತಿರುವುಗಳಲ್ಲಿ ಒಳಬದಿಯೇ ಜಾಸ್ತಿ ಕಡಿದು. ಅಲ್ಲಿ ಸಿಕ್ಕಿಕೊಂಡ ಮೇಲೆ ಗೇರ್ ಹುಡುಕಬೇಡಿ. ತಿರುವು ಕಣ್ಣಿಗೆ ಬಿದ್ದಾಗಲೇ ಒಂದು ಗೇರ್ ಹಗುರ ಮಾಡಿಕೊಳ್ಳಿ.

ಚೈನ್ ಕಳಚುವುದು ಹೆಚ್ಚಾಗಿ ಪೆಡಲ್ ಬಳಿ ಇರುವ ಮುಂಭಾಗದ ಗೇರ್‌ನಲ್ಲಿ. ಅಲ್ಲಿ 50 ಹಲ್ಲಿನ ಚಕ್ರದಿಂದ 34 ಹಲ್ಲಿನದಕ್ಕೆ ಇಳಿಯುವುದು ದೊಡ್ಡ ಜಿಗಿತ, ಅಲ್ವಾ? ಅದನ್ನು ಬೆಟ್ಟದ ಬುಡದಲ್ಲೇ ಮುಗಿಸಿ. ಇಳಿದ ಕೂಡಲೇ ಕಾಲು ಸಡಿಲವಾಗಿ ಗಿರಗಿರ ತಿರುಗುತ್ತದೆ. ಹಿಂದೆ ಎರಡು ಗೇರ್ ಗಟ್ಟಿ ಮಾಡಿದರೆ ಲಯ ಮತ್ತೆ ಕೂಡಿಬರುತ್ತದೆ. ಇದಿಷ್ಟು ಮಾಡಿದರೂ ಚೈನ್ ಒಳಗೆ ಬೀಳುತ್ತಿದ್ದರೆ ಮುಂಭಾಗದ ಡಿರೇಲರ್‌ನ ಮಿತಿ ಸ್ಕ್ರೂ (ಡಿರೇಲರ್ ಎಷ್ಟು ದೂರ ಸರಿಯಬಹುದು ಅಂತ ತಡೆಯುವ ಸ್ಕ್ರೂ) ಮೆಕ್ಯಾನಿಕ್‌ಗೆ ತೋರಿಸಿ.

ಮುಂದೊಂದು ದಿನ ಮಟ್ಟ ರಸ್ತೆಯಲ್ಲೂ ಸದ್ದು ಶುರುವಾಗಬಹುದು. ಹೊಸ ಸೈಕಲ್ಲಿನ ಕೇಬಲ್ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಹಿಂದೆ ಚೈನ್ ದೊಡ್ಡ ಚಕ್ರಕ್ಕೆ ಹತ್ತಲು ತಡವರಿಸಿದರೆ, ಹಿಂದಿನ ಡಿರೇಲರ್‌ಗೆ ಕೇಬಲ್ ಸೇರುವ ಕಡೆ ಬೆರಳಲ್ಲೇ ತಿರುಗುವ ತಿರುಪು ಇರುತ್ತದೆ. ಹಿಂದಿನಿಂದ ನೋಡುತ್ತಾ ಅದನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಮತ್ತೆ ಓಡಿಸಿ ನೋಡಿ.