ಹಸುಗೂಸಿಗೂ ಅಂಟಿದ ಪಾಪ

ಬೈಬಲ್ಲಿನ ಆದಿಕಾಂಡದಲ್ಲಿ ಆದಾಮ, ಹವ್ವ ದೇವರು ಬೇಡ ಎಂದ ಹಣ್ಣು ತಿಂದರು. ಆ ಪಾಪ ಹುಟ್ಟುವ ಪ್ರತಿ ಕೂಸಿಗೂ ಅಂಟುತ್ತದೆ ಎಂದು ಆ ಕತೆಯಲ್ಲಿ ಎಲ್ಲೂ ಬರೆದಿಲ್ಲ. ಒಬ್ಬನಿಂದ ಪಾಪವೂ ಪಾಪದಿಂದ ಸಾವೂ ಲೋಕಕ್ಕೆ ಬಂದವು ಎಂದದ್ದು ಕ್ರೈಸ್ತ ಧರ್ಮ ಪ್ರಚಾರಕ ಪೌಲ, ರೋಮಿನವರಿಗೆ ಬರೆದ ಪತ್ರದಲ್ಲಿ. ಅದರ ಮೇಲೆ ಜನ್ಮಪಾಪದ ಸಿದ್ಧಾಂತ ಕಟ್ಟಿದವರು ಉತ್ತರ ಆಫ್ರಿಕಾದ ಹಿಪ್ಪೊ ಊರಿನ ಬಿಷಪ್ ಅಗಸ್ಟೀನ್.

ಅವರ ಎದುರಾಳಿ ಪೆಲೇಜಿಯಸ್, ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಕಟ್ಟುನಿಟ್ಟಿನ ಉಪದೇಶಕ. ಆದಾಮ ಕೆಟ್ಟ ಮೇಲ್ಪಂಕ್ತಿ ಹಾಕಿದ, ಅಷ್ಟೇ. ಒಳ್ಳೆಯದನ್ನು ಆರಿಸಿಕೊಳ್ಳುವ ಶಕ್ತಿ ನಮ್ಮಲ್ಲೇ ಇದೆ ಎಂಬುದು ಅವರ ವಾದ. 410ರಲ್ಲಿ ಗಾಥರು ರೋಮನ್ನು ಸೂರೆ ಮಾಡಿದಾಗ ಪೆಲೇಜಿಯಸ್ ಮತ್ತು ಅವರ ಕಡೆಯವರು ಆಫ್ರಿಕಾಕ್ಕೆ ಬಂದರು. ಜಗಳ ಜೋರಾಯಿತು.

ಅಗಸ್ಟೀನರ ಪಟ್ಟು ಒಂದೇ: ಕೂಸಿಗೆ ಪಾಪವೇ ಇಲ್ಲದಿದ್ದರೆ ಪಾಪ ಕಳೆಯುವ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಯಾಕೆ? ಕೂಸುಗಳಿಗೆ ಅದನ್ನು ಮಾಡಿಸುವ ಆಚರಣೆ ಮೊದಲೇ ಇತ್ತು, ಅದಕ್ಕೆ ಪೂರ್ತಿ ಕಾರಣ ಕೊಟ್ಟದ್ದು ಆಮೇಲೆ. 418ರಲ್ಲಿ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅಗಸ್ಟೀನರ ಪಕ್ಷ ಹಿಡಿಯಿತು. ಅದೇ ವರ್ಷ ರೋಮನ್ ಚಕ್ರವರ್ತಿ ಹೊನೋರಿಯಸ್ ಪೆಲೇಜಿಯಸರನ್ನು ರೋಮಿನಿಂದ ಗಡೀಪಾರು ಮಾಡುವ ಆಜ್ಞೆ ಹೊರಡಿಸಿದ.

ಅಗಸ್ಟೀನ್ ಸುಮ್ನೆ ಹಟಕ್ಕೆ ವಾದಿಸಿದವರಲ್ಲ. ಇನ್ನೂ ಮಾತು ಬಾರದ ಕೂಸೊಂದು, ಅದೇ ಎದೆಹಾಲು ಕುಡಿಯುತ್ತಿದ್ದ ಮತ್ತೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡು ದಿಟ್ಟಿಸಿದ್ದನ್ನು ತಾನೇ ನೋಡಿದ್ದೆ ಎಂದು ಬರೆದಿದ್ದಾರೆ. ಕೆಟ್ಟತನವನ್ನು ನಾವು ಬರೀ ನೋಡಿ ಕಲಿಯುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುವಿಗೂ, ತೀರಾ ಹಗುರವಾದದ್ದೇ ಆದರೂ, ಶಿಕ್ಷೆ ತಪ್ಪದು ಎಂದುಬಿಟ್ಟರು. ಹಾಗೆ ಶಿಕ್ಷಿಸುವ ದೇವರು ನ್ಯಾಯವಂತನೇ ಎಂದು ಎಕ್ಲಾನಮ್‌ನ ಜೂಲಿಯನ್ ಎಂಬ ಬಿಷಪ್ ವರ್ಷಗಟ್ಟಲೆ ಜಗ್ಗಾಡಿದರು. ನನಗೆ ಆ ಪ್ರಶ್ನೆ ಇವತ್ತಿಗೂ ನ್ಯಾಯವಾದದ್ದೇ ಅನ್ನಿಸುತ್ತದೆ.

ಮಧ್ಯಯುಗದ ಪಂಡಿತರು ಶಿಕ್ಷೆಯನ್ನು ಮೆದು ಮಾಡಿದರು. ಇಂಥ ಶಿಶುಗಳು ನರಕದ ಅಂಚಿನ 'ಲಿಂಬೊ'ದಲ್ಲಿ ನೋವಿಲ್ಲದೆ ಇರುತ್ತವೆ, ಆದರೆ ದೇವರ ದರ್ಶನವಿಲ್ಲ ಎಂದರು. ತಾಯಂದಿರಿಗೆ ಇದರಿಂದ ಏನು ಸಮಾಧಾನ? ಇಂಥ ಕೂಸುಗಳಿಗೆ ಪವಿತ್ರ ಮಣ್ಣಿನಲ್ಲಿ ಜಾಗವೂ ಸಿಗುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್ ಕ್ಷೇತ್ರಕ್ಕೆ 15ನೇ ಶತಮಾನದಲ್ಲಿ ಸತ್ತು ಹುಟ್ಟಿದ ಶಿಶುಗಳನ್ನು ಹೊತ್ತು ತರುತ್ತಿದ್ದರು. ಕೆಂಡದ ಕಾವಿನಲ್ಲಿ ದೇಹ ಬೆಚ್ಚಗೆ ಮಾಡಿ, ತುಟಿಯ ಮೇಲೆ ಒಂದು ಗರಿ ಇಡುವುದು. ಗರಿ ಅಲುಗಿದರೆ ಜೀವ ಬಂತೆಂದು ತಕ್ಷಣ ದೀಕ್ಷಾಸ್ನಾನ, ಆಮೇಲೆ ಮಣ್ಣು. ಬಿಷಪ್ ಇದನ್ನು ಒಪ್ಪಲಿಲ್ಲ, ಜನ ಬಿಡಲಿಲ್ಲ. 1990ರ ದಶಕದಲ್ಲಿ ಅಲ್ಲಿ ಅಗೆದಾಗ ಸುಮಾರು 250 ಶಿಶುಗಳ ಎಲುಬು ಸಿಕ್ಕವು.

16ನೇ ಶತಮಾನದಲ್ಲಿ ಪ್ರಾಟೆಸ್ಟೆಂಟರು ಕ್ಯಾಥೊಲಿಕರಿಂದ ಬೇರೆಯಾದ ಧರ್ಮಸುಧಾರಣೆಯಿಂದಲೂ ಮೂಲ ಬೋಧನೆ ಅಲುಗಲಿಲ್ಲ. 1530ರ ಆಗ್ಸ್‌ಬರ್ಗ್ ಘೋಷಣೆಯಲ್ಲಿ ಲೂಥರನ್ನರೂ, 1546ರಲ್ಲಿ ಟ್ರೆಂಟ್ ಸಭೆಯಲ್ಲಿ ಕ್ಯಾಥೊಲಿಕರೂ ಅದನ್ನೇ ತಮ್ಮ ತಮ್ಮ ರೀತಿಯಲ್ಲಿ ಹೇಳಿದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಬೇರೆ: ಆದಾಮನಿಂದ ನಮಗೆ ಸಾವು ಬಂತು, ದೌರ್ಬಲ್ಯ ಬಂತು, ಅವನ ಅಪರಾಧ ನಮ್ಮದಲ್ಲ ಎನ್ನುತ್ತವೆ.

2007ರಲ್ಲಿ ಪೋಪ್ 16ನೇ ಬೆನೆಡಿಕ್ಟರ ಒಪ್ಪಿಗೆಯಿಂದ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗದ ವರದಿಯೊಂದು ಹೊರಬಂತು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳೂ ದೇವರನ್ನು ಸೇರುತ್ತವೆ ಎಂದು ಆಶಿಸಲು ಗಟ್ಟಿ ಆಧಾರಗಳಿವೆ ಎಂದಿತು ಅದು. ಜನ್ಮಪಾಪವನ್ನು ಮಾತ್ರ ಕೈಬಿಡಲಿಲ್ಲ. ಕೂಸಿಗೆ ದೀಕ್ಷಾಸ್ನಾನ ತಡಮಾಡಬಾರದು ಎಂಬ ನಿಯಮವೂ ಹಾಗೇ ಉಳಿದಿದೆ.