ನಾಯಿಯ ಬೆನ್ನುನೋವು: ಕಾಲು ಎಳೆದುಕೊಂಡ ಮಾತ್ರಕ್ಕೆ ನೋವು ತಿಳಿಯಿತೆಂದಲ್ಲ

ನಾಯಿಯ ಬೆನ್ನುಮೂಳೆಯ ಮಣಿಗಳ ಲೆಕ್ಕ ಕಲಿಯುವವರಿಗೆ ಬಾಯಿಪಾಠವಾಗಿಯೇ ಇರುತ್ತದೆ: ಕುತ್ತಿಗೆಗೆ 7, ಎದೆಗೆ 13, ಸೊಂಟಕ್ಕೆ 7, ಅದರ ಹಿಂದೆ ಒಂದಕ್ಕೊಂದು ಬೆಸೆದ 3. ನೆನಪಿಡಬೇಕಾದ್ದು ಕೊನೆಯ ಪಕ್ಕೆಲುಬಿನ ಆಸುಪಾಸು. ಡಿಸ್ಕಿನ (ಎರಡು ಮಣಿಗಳ ನಡುವಿನ ಮೆತ್ತೆಯ) ತೊಂದರೆ ಹೆಚ್ಚು ಅಲ್ಲೇ, ಎದೆಯ 11ನೇ ಮಣಿಯಿಂದ ಸೊಂಟದ 3ನೇ ಮಣಿಯವರೆಗೆ. ಅದಕ್ಕೂ ಮುಂದಿನ ಎದೆಯ ಭಾಗದಲ್ಲಿ ಎಡಬಲದ ಪಕ್ಕೆಲುಬುಗಳ ತಲೆಗಳನ್ನು ಕಟ್ಟುವ ಒಂದು ಗಟ್ಟಿ ಪಟ್ಟಿ ಡಿಸ್ಕಿನ ಮೇಲೆ ಅಡ್ಡ ಹಾದುಹೋಗಿರುತ್ತದೆ, ಡಿಸ್ಕ್ ಸುಲಭಕ್ಕೆ ಮೇಲೆ, ಬೆನ್ನುಹುರಿಯ ಕಡೆ, ಉಕ್ಕುವುದಿಲ್ಲ. 11ರಿಂದ ಹಿಂದೆ ಆ ಪಟ್ಟಿ ಇಲ್ಲ.

ಡ್ಯಾಶ್‌ಹೌಂಡ್, ಬೀಗಲ್, ಲ್ಹಾಸಾ ಅಪ್ಸೊಗಳಲ್ಲಿ ಡಿಸ್ಕಿನ ಒಳತಿರುಳು ಎಳೆಯ ವಯಸ್ಸಿನಲ್ಲೇ ಗಟ್ಟಿಯಾಗಿ, 3ರಿಂದ 6 ವರ್ಷದೊಳಗೆ ಒಮ್ಮೆಲೇ ಸಿಡಿಯುವುದು ಹೆಚ್ಚು. ಶೆಫರ್ಡ್, ಲ್ಯಾಬ್ರಡಾರ್‌ಗಳಲ್ಲಿ ಮುದಿಯಾಗುತ್ತ ಮೆಲ್ಲಗೆ ಉಬ್ಬುತ್ತದೆ. ನಮ್ಮ ಕಡೆಯ ಉದ್ದಗಾಲಿನ ಊರುನಾಯಿಗೆ ಬೆನ್ನು ಹಿಡಿಯಿತು ಎಂದರೆ ಡಿಸ್ಕಿಗಿಂತ ಮೊದಲು ಬೇರೆಯದನ್ನು ಕೇಳಬೇಕು: ಹೆದ್ದಾರಿಯಲ್ಲಿ ವಾಹನ ತಾಗಿತೇ, ತೋಟದಲ್ಲಿ ಹಂದಿ ಎತ್ತಿ ಒಗೆಯಿತೇ, ಉಣ್ಣೆ (ಉಣುಗು) ಕಚ್ಚಿ ಜ್ವರ ಬಂದಿದೆಯೇ.

ನೋವಿದೆ ಎಂದು ಗೊತ್ತಾಗುವುದು

ಬೆನ್ನುನೋವಿನ ನಾಯಿ ಹೆಚ್ಚಾಗಿ ಕುಂಟುವುದಿಲ್ಲ, ಕೆಲಸ ತಪ್ಪಿಸುತ್ತದೆ. ನಿನ್ನೆವರೆಗೆ ದಣಪೆ (ಬೇಲಿಯ ಅಡ್ಡಗಳ) ಹಾರುತ್ತಿದ್ದದ್ದು ಇಂದು ಅದರ ಮುಂದೆ ನಿಂತು ಕೂಗುತ್ತದೆ. ಜಗಲಿಯ ಮೆಟ್ಟಿಲಿನ ಬುಡದಲ್ಲಿ ಮುಂಗಾಲು ಇಟ್ಟು ಯೋಚಿಸುತ್ತದೆ. ಬೆನ್ನು ಗೂನಾಗುತ್ತದೆ, ಮೈ ಸಣ್ಣಗೆ ನಡುಗುತ್ತದೆ, ಕಂಕುಳಿಗೆ ಕೈಹಾಕಿ ಎತ್ತಿದರೆ ಕಿರುಚುತ್ತದೆ. ಕುತ್ತಿಗೆಯ ನೋವಾದರೆ ನೆಲದ ತಟ್ಟೆಗೆ ಬಾಯಿ ಹಾಕದು, ಅದೇ ತಟ್ಟೆಯನ್ನು ಎತ್ತರದಲ್ಲಿಟ್ಟರೆ ತಿನ್ನುತ್ತದೆ. ಕರೆದಾಗ ಕುತ್ತಿಗೆ ತಿರುಗಿಸದೆ ಕಣ್ಣಷ್ಟೇ ಹೊರಳಿಸುತ್ತದೆ.

ನರಕ್ಕೂ ಪೆಟ್ಟಾಗಿದೆಯೇ ಎಂದು ನೋಡಲು ಕಾರವಾರ, ಅಂಕೋಲಾದವರಿಗೆ ಪುಕ್ಕಟೆ ಉಪಾಯವಿದೆ. ಇಳಿತದ ಹೊತ್ತಿಗೆ, ಅಲೆ ಆಗಷ್ಟೇ ಸರಿದ ಗಟ್ಟಿ ಮರಳಿನ ಮೇಲೆ ನಾಯಿಯನ್ನು ನಿಧಾನಕ್ಕೆ ಹತ್ತು ಹೆಜ್ಜೆ ನಡೆಸಿ, ತಿರುಗಿ ಹೆಜ್ಜೆಗುರುತು ನೋಡಿ. ಸರಿಯಿದ್ದ ಕಾಲು ಎತ್ತಿ ಇಡುತ್ತದೆ, ಗುರುತು ಸ್ವಚ್ಛ. ಸೋತ ಹಿಂಗಾಲಿನ ಗುರುತಿನ ಮುಂದೆ ಮಾತ್ರ ಉಗುರು ಗೀರಿದ ಎರಡು ಗೆರೆ ಬೀಳುತ್ತದೆ. ಶಿರಸಿ, ಸಿದ್ದಾಪುರದ ಕಡೆ ಸಗಣಿ ಸಾರಿಸಿದ ಅಂಗಳ ತುಸು ಹಸಿ ಇರುವಾಗಲೂ ಇದೇ ಕಾಣುತ್ತದೆ. ಸಿಮೆಂಟ್ ನೆಲವಾದರೆ ಕಿವಿಗೊಡಿ, ಸರ್ರ್ ಎಂಬ ಸದ್ದು ಬರುತ್ತದೆ. ಹಿಂಗಾಲಿನ ನಡುವಿನ ಎರಡು ಉಗುರುಗಳ ತುದಿ ಮೊಂಡಾಗಿದ್ದರೆ ಇದು ಇಂದಿನ ತೊಂದರೆಯಲ್ಲ, ವಾರಗಳಿಂದ ನಡೆದಿದೆ.

ಮುಟ್ಟಿ ನೋಡುವಾಗ ಎಡಗೈ ಹೊಟ್ಟೆಯ ಕೆಳಗೆ ಇರಲಿ. ಬಲಗೈಯ ಹೆಬ್ಬೆರಳು, ತೋರುಬೆರಳು ಬೆನ್ನಿನ ಮುಳ್ಳುಮೂಳೆಯ ಎರಡೂ ಬದಿ. ಭುಜದಿಂದ ಬಾಲದ ಕಡೆಗೆ ಒಂದೊಂದೇ ಮಣಿ ಒತ್ತುತ್ತ ಹೋಗಿ, ಮೊದಲ ಸುತ್ತು ಹಗುರವಾಗಿ, ಎರಡನೆಯದು ತುಸು ಬಿಗಿಯಾಗಿ. ನಾಯಿ ಕೂಗುವ ಮೊದಲೇ ಎಡಗೈಗೆ ಹೊಟ್ಟೆ ಬಿಗಿಯಾದದ್ದು ಗೊತ್ತಾಗುತ್ತದೆ. ಕುತ್ತಿಗೆಯನ್ನು ಕೈಯಿಂದ ಬಗ್ಗಿಸಲೇಬೇಡಿ. ಒಣಮೀನಿನ ಚೂರು ಹಿಡಿದು ಎಡಕ್ಕೆ, ಬಲಕ್ಕೆ, ಪಕ್ಕೆಯ ಕಡೆಗೆ ಒಯ್ದರೆ ತಾನೇ ತಿರುಗುತ್ತದೆ, ಇಲ್ಲವೇ ತಿರುಗಲಾಗದೆ ನಿಲ್ಲುತ್ತದೆ.

ಹೊಟ್ಟೆ ಬಿಗಿಯಾಯಿತು ಎಂದಕೂಡಲೇ ಹೊಟ್ಟೆನೋವು ಎಂದು ಬರೆಯಬೇಡಿ. ಬೆನ್ನು ನೋಯುವ ನಾಯಿ ಹೊಟ್ಟೆಯ ಸ್ನಾಯು ಬಿಗಿದೇ ಬೆನ್ನನ್ನು ಕಾಪಾಡಿಕೊಳ್ಳುತ್ತದೆ. ವಾಂತಿ, ಊಟ ಬಿಡುವುದು, ಮುಂಗಾಲು ಚಾಚಿ ಪೃಷ್ಠ ಎತ್ತಿ ನಿಲ್ಲುವುದು ಇದ್ದರೆ ಹೊಟ್ಟೆಯ ಕಡೆ ನೋಡಿ. ತೊಡೆಸಂದಿನದೂ ಇದೇ ಗೋಜು: ಹಿಂಗಾಲನ್ನು ಹಿಂದಕ್ಕೆ ಎಳೆದರೆ ಸಂದೂ ಸೊಂಟವೂ ಒಟ್ಟಿಗೆ ಚಾಚುತ್ತವೆ. ಕಾಲನ್ನು ಹಿಂದೆ ಎಳೆಯದೆ ಪಕ್ಕಕ್ಕೆ ತೆರೆದು ನೋಡಿ, ಅದಕ್ಕೆ ಕೂಗಿದರೆ ಸಂದು. ಬಾಲವನ್ನು ಮೇಲಕ್ಕೆತ್ತಿದಾಗ ಕೂಗಿದರೆ ಸೊಂಟದ ಕೊನೆಯ ಕೀಲು.

ಕಾಲು ಎಳೆದುಕೊಳ್ಳುವುದು ಮತ್ತು ನೋವು ತಿಳಿಯುವುದು

ಎಲ್ಲರೂ ಎಡವುವುದು ಇಲ್ಲಿ. ತೊಂದರೆಯ ಮೆಟ್ಟಿಲು ಐದು: (1) ನೋವು ಮಾತ್ರ; (2) ನಡೆಯುತ್ತದೆ, ಆದರೆ ತೂರಾಡುತ್ತದೆ; (3) ನಡೆಯಲಾಗದು, ಆದರೆ ಕಾಲು ಆಡಿಸುತ್ತದೆ; (4) ಕಾಲು ಆಡದು, ಆದರೆ ಆಳದ ನೋವು (ಬೆರಳಿನ ಮೂಳೆಯನ್ನೇ ಹಿಂಡಿದಾಗಿನ ನೋವು) ತಿಳಿಯುತ್ತದೆ; (5) ಆಳದ ನೋವೂ ತಿಳಿಯದು. ನಾಲ್ಕಕ್ಕೂ ಐದಕ್ಕೂ ಇರುವ ಅಂತರ ಬಹಳ ದೊಡ್ಡದು. ಆಳದ ನೋವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋಗಿದ್ದರೆ ಶಸ್ತ್ರಚಿಕಿತ್ಸೆ ಮಾಡಿಯೂ ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು, ಮಾಡದಿದ್ದರೆ ತೀರ ಕಡಿಮೆ.

ಪರೀಕ್ಷೆ ನೋಡಲು ಸರಳ: ಬೆರಳು ಚಿವುಟುವುದು. ನಾಯಿ ಕಾಲನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಮನೆಯವರಿಗೆ ಸಮಾಧಾನ, "ಎಳ್ಕೊಳ್ತದಲ್ಲ ಡಾಕ್ಟ್ರೇ, ಜೀವ ಉಂಟು." ಕಲಿಯುವವರೂ 'ನೋವು ತಿಳಿಯುತ್ತದೆ' ಎಂದು ಬರೆದುಬಿಡುತ್ತಾರೆ. ತಪ್ಪು.

ಚಿವುಟಿದ ಸುದ್ದಿ ಬೆರಳಿನಿಂದ ನರದಲ್ಲಿ ಸಾಗಿ, ಸೊಂಟದ 4-5ನೇ ಮಣಿಯ ಸುಮಾರಿಗೆ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿಂದ ದಾರಿ ಎರಡು. ಒಂದು ಅಲ್ಲಿಯೇ ತಿರುಗಿ ಸ್ನಾಯುವಿಗೆ ಹೋಗಿ ಕಾಲು ಮಡಚುತ್ತದೆ. ಇದು ರಿಫ್ಲೆಕ್ಸ್, ಶಾಲೆಯ ಪುಸ್ತಕದ ಪರಾವರ್ತಿತ ಪ್ರತಿಕ್ರಿಯೆ. ಇದಕ್ಕೆ ಮಿದುಳು ಬೇಕಿಲ್ಲ. ಇನ್ನೊಂದು ಹುರಿಯುದ್ದ ಮೇಲಕ್ಕೆ ಮಿದುಳಿಗೆ ಹೋಗುತ್ತದೆ, ನೋವು ಎಂದು ನಾಯಿಗೆ ಗೊತ್ತಾಗುವುದು ಆಗ. ಡಿಸ್ಕ್ ಸಿಡಿದದ್ದು ಕೊನೆಯ ಪಕ್ಕೆಲುಬಿನ ಹತ್ತಿರ, ಅಂದರೆ ಸುದ್ದಿ ಹುರಿಯನ್ನು ಸೇರುವ ಜಾಗಕ್ಕೂ ಮಿದುಳಿಗೂ ನಡುವೆ. ಮೇಲಿನ ದಾರಿ ಕಡಿದುಹೋದರೂ ಕೆಳಗಿನ ಸುತ್ತು ಹಾಗೆಯೇ ಇರುತ್ತದೆ. ತಡೆಯುವ ಮಿದುಳಿನ ಸಂಪರ್ಕ ತಪ್ಪಿದ್ದರಿಂದ ರಿಫ್ಲೆಕ್ಸ್ ಮೊದಲಿಗಿಂತ ಜೋರಾಗುವುದೂ ಉಂಟು.

ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದರೂ ಮನೆಯ ಇನ್ವರ್ಟರ್‌ನಲ್ಲಿ ಬಲ್ಬು ಉರಿಯುತ್ತದೆ. ಅದನ್ನು ನೋಡಿ ಕರೆಂಟು ಬಂತು ಎಂದಂತೆ ಇದು. ಕಾಲು ಎಳೆದುಕೊಂಡದ್ದು ಇನ್ವರ್ಟರ್. ಲೈನು ಇದೆಯೋ ಇಲ್ಲವೋ ನೋಡಲು ಮುಖ ನೋಡಬೇಕು.

ಹಾಗಾಗಿ ಚಿವುಟುವವರು ಒಬ್ಬರು, ಮುಖ ನೋಡುವವರು ಇನ್ನೊಬ್ಬರು. ನಾಯಿ ಪಕ್ಕಕ್ಕೆ ಮಲಗಿರಲಿ, ಚಿವುಟುವ ಕೈ ಅದಕ್ಕೆ ಕಾಣದಿರಲಿ. ಕಂಡರೆ ಹೆದರಿ ತಿರುಗುತ್ತದೆ, ನಾವು ಅದನ್ನೇ ನೋವೆಂದು ಬರೆಯುತ್ತೇವೆ. ಕಾಲನ್ನು ಹಿಡಿದು ಒಂದರ್ಧ ನಿಮಿಷ ಸುಮ್ಮನಿರಿ. ಹಿಡಿದೊಡನೆ ಚಿವುಟಿದರೆ ಕಾಲು ಕದಲಿದ್ದಕ್ಕೆ ಬೆನ್ನು ನೊಂದು ಕೂಗಿತೋ, ಚಿವುಟಿದ್ದಕ್ಕೋ ಬಿಡಿಸಲಾಗದು. ಮೊದಲು ಬೆರಳುಗಳ ನಡುವಿನ ಚರ್ಮವನ್ನು ಕೈಯಿಂದಲೇ ಚಿವುಟಿ. ತಿರುಗಿ ನೋಡಿತು, ಕೂಗಿತು, ಕಚ್ಚಲು ಬಂತು, ನೆಕ್ಕುತ್ತಿದ್ದ ನಾಲಿಗೆ ನಿಂತಿತು, ಕಣ್ಣಪಾಪೆ ಹಿಗ್ಗಿತು: ಯಾವುದೇ ಒಂದಾದರೂ ಸಾಕು, ನಿಲ್ಲಿಸಿ. ಮುಂದಿನದು ಬೇಕಿಲ್ಲ, ಸುಮ್ಮನೆ ಹಿಂಸೆ. ಏನೂ ಇಲ್ಲದಿದ್ದರೆ ಮಾತ್ರ ಆರ್ಟರಿ ಫೋರ್ಸೆಪ್ಸ್‌ನಿಂದ (ಶಸ್ತ್ರಚಿಕಿತ್ಸೆಯ ಇಕ್ಕಳದಿಂದ) ಬೆರಳಿನ ಮೂಳೆಯನ್ನೇ ಹಿಡಿದು ಮೆಲ್ಲಗೆ ಬಿಗಿ ಏರಿಸಿ. ಎರಡೂ ಹಿಂಗಾಲಿನ ಒಳಬೆರಳು, ಹೊರಬೆರಳು, ಬಾಲ, ಎಲ್ಲ ನೋಡಬೇಕು. ಒಂದೇ ಬೆರಳಲ್ಲಿ ತಿಳಿದರೂ ನಾಲ್ಕನೇ ಮೆಟ್ಟಿಲು ಎಂದೇ ಲೆಕ್ಕ. ಹೆದರಿ ಕಲ್ಲಾದ ನಾಯಿ ನೋವು ತಿಳಿದರೂ ತೋರಿಸದು, ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿಯೇ 'ಇಲ್ಲ' ಎಂದು ಬರೆಯಿರಿ. ನಡೆಯುವ ನಾಯಿಗೆ, ಕಾಲು ಬೇಕೆಂದು ಆಡಿಸುವ ನಾಯಿಗೆ ಈ ಪರೀಕ್ಷೆಯೇ ಬೇಡ.

ಬಾಲದ್ದೂ ಇದೇ ಮೋಸ. ಮನೆಯವರ ದನಿ ಕೇಳಿ ಅಲ್ಲಾಡಿಸಿದರೆ ಅದು ಮಿದುಳಿನಿಂದ ಬಂದದ್ದು. ಗುದದ ಹತ್ತಿರ ಒರೆಸುವಾಗ ಅಲ್ಲಾಡಿದರೆ ರಿಫ್ಲೆಕ್ಸ್. ಉಚ್ಚೆಯದ್ದು ಇನ್ನೂ ದೊಡ್ಡ ಮೋಸ: ಹನಿಹನಿ ಬೀಳುತ್ತಿದೆ, ಹೋಗುತ್ತಿದೆಯಲ್ಲ ಎನ್ನುತ್ತಾರೆ. ಅದು ಕೊಡ ತುಂಬಿ ಚೆಲ್ಲಿದ್ದು. ಹಿಂಗಾಲಿನ ಮುಂದೆ ಹೊಟ್ಟೆಯ ಎರಡೂ ಬದಿಗೆ ಅಂಗೈ ಚಪ್ಪಟೆಯಾಗಿಟ್ಟರೆ ಮೂಸಂಬಿಯಂಥ ಬಿಗಿ ಉಂಡೆ ಸಿಗುತ್ತದೆ. ಅದನ್ನು ಬೆರಳ ತುದಿಯಿಂದಲ್ಲ, ಅಂಗೈಯಿಂದ, ನಿಧಾನಕ್ಕೆ ಹಿಂದಕ್ಕೆ ಒತ್ತಿ 6ರಿಂದ 8 ಗಂಟೆಗೊಮ್ಮೆ ಖಾಲಿ ಮಾಡಿಸಬೇಕು. ಒಮ್ಮೆ ವೈದ್ಯರ ಮುಂದೆಯೇ ಕಲಿಯಿರಿ, ಸಿಟ್ಟಿನಿಂದ ಒತ್ತಿದರೆ ಒಡೆಯುತ್ತದೆ.

ಐದನೇ ಮೆಟ್ಟಿಲಿನ ನಾಯಿಯಲ್ಲಿ ಎರಡು ಮೂರು ದಿನಕ್ಕೆ ಆ ರಿಫ್ಲೆಕ್ಸೂ ಹೋಗಿ, ಸ್ಪರ್ಶವಿಲ್ಲದ ಗಡಿ ಬೆನ್ನಿನ ಮೇಲೆ ಮುಂದೆ ಮುಂದೆ ಸರಿದರೆ ಹುರಿಯೇ ಕರಗುತ್ತಿದೆ ಎಂದರ್ಥ. ಅದಕ್ಕೆ ಚಿಕಿತ್ಸೆಯಿಲ್ಲ.

ಸಾಗಿಸುವುದು

ಹಿಂಗಾಲು ನೆಲದ ಮೇಲೆ ಎಳೆಯುತ್ತಿದ್ದರೆ, ಉಚ್ಚೆ ಕಟ್ಟಿದ್ದರೆ ಅಂದೇ ಹೊರಡಬೇಕು. ಸರ್ಕಾರಿ ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು. ಸ್ಕೂಟರಿನ ಕಾಲಡಿ ಕೂರಿಸಿ ಒಯ್ಯಬೇಡಿ. ಪ್ಲೈವುಡ್ ಹಲಗೆ ಇಲ್ಲವೇ ಮಡಚಿದ ಗಟ್ಟಿ ರಟ್ಟು, ಮೇಲೆ ಗೋಣಿಚೀಲ. ಒಂದು ಕೈ ಎದೆಯಡಿ, ಒಂದು ಕೈ ಪೃಷ್ಠದಡಿ ಕೊಟ್ಟು ಬೆನ್ನು ಮಟ್ಟವಾಗಿ ಎತ್ತಿ ಮಲಗಿಸಿ. ಅಗಲ ಬಟ್ಟೆಯಿಂದ ಭುಜದ ಮೇಲೆ, ಸೊಂಟದ ಹಿಂದೆ ಕಟ್ಟಿ, ಕುತ್ತಿಗೆಗೆ ಬೇಡ. ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ, ತಿರುವಿನಲ್ಲಿ ಮೈ ಜಾರುತ್ತದೆ. ಎರಡೂ ಬದಿಗೆ ಸುತ್ತಿದ ಕಂಬಳಿ ಒತ್ತರಿಸಿ.

ಔಷಧ

ಮನೆಯಲ್ಲಿರುವ ನೋವಿನ ಮಾತ್ರೆ, ಡೈಕ್ಲೋಫೆನಾಕ್, ಐಬುಪ್ರೊಫೆನ್, ಕೊಡಲೇಬಾರದು, ಜಠರದಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೆಲಾಕ್ಸಿಕಾಂ ನಾಯಿಗೂ ಇದೆ, ಆದರೆ ಪ್ರಮಾಣ ನೋಡಿ: ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಹತ್ತು ಕಿಲೋ ನಾಯಿಗೆ ಮೊದಲ ದಿನ 2, ಆಮೇಲೆ ದಿನಕ್ಕೆ 1 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15. ಅಂಥ ನಾಯಿಗೆ ದಿನಾ ಅರ್ಧ ಮಾತ್ರೆ ಕೊಟ್ಟೆ ಎನ್ನುವವರು ಕೊಟ್ಟದ್ದು ಆ 1 ಮಿಲಿಗ್ರಾಂನ ಕಡಿಮೆಯೆಂದರೂ ಮೂರೂಮುಕ್ಕಾಲು ಪಟ್ಟು. ಇದರ ಜೊತೆ ಸ್ಟೆರಾಯ್ಡ್ ಕೂಡದು. ಒಂದರಿಂದ ಇನ್ನೊಂದಕ್ಕೆ ಹೋಗಲು ವೈದ್ಯರು ಕೆಲವು ದಿನ ಬಿಡುವು ಕೊಡಿಸುತ್ತಾರೆ. ಮಲ ಡಾಂಬರಿನಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕರೆ ಮಾಡಿ. ನರದ ನೋವಿಗೆ ಗ್ಯಾಬಾಪೆಂಟಿನ್ ಬರೆಯುತ್ತಾರೆ. ಮನುಷ್ಯರ ದ್ರವ ಔಷಧವಾದರೆ ಶೀಶೆಯ ಮೇಲೆ ಜೈಲಿಟಾಲ್ (ಸಿಹಿಗೆ ಹಾಕುವ ವಸ್ತು) ಎಂದಿದೆಯೇ ಓದಿ, ಅದು ನಾಯಿಗೆ ವಿಷ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಹೆಚ್ಚಿನ ಎಚ್ಚರಿಕೆ. ಉಣ್ಣೆಯಿಂದ ಬರುವ ಎರ್ಲಿಕಿಯಾ ರೋಗದಲ್ಲೂ ನಾಯಿ ಮೈಕೈ ಹಿಡಿದು ಗೂನಾಗಿ ನಿಲ್ಲುತ್ತದೆ, ಜೊತೆಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವಕ್ಕೆ ದಾರಿ. ಮಾತ್ರೆಗೆ ಮೊದಲು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ನೋಡಿ, ತುಟಿ ಎತ್ತಿ ವಸಡಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಇದೆಯೇ ನೋಡಿ, ಜ್ವರ ಅಳೆಯಿರಿ, ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯಾ ಎಂದಾದರೆ ಡಾಕ್ಸಿಸೈಕ್ಲಿನ್, ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ, 28 ದಿನ. ಜ್ವರವಿದ್ದು ಒಂದೇ ಮಣಿಯ ಮೇಲೆ ಕೈಯಿಡಲೂ ಬಿಡದಿದ್ದರೆ ಡಿಸ್ಕಿಗೇ ಸೋಂಕು ತಗಲಿರಬಹುದು, ಎಕ್ಸ್‌ರೇ ಬೇಕು.

ಕಟ್ಟುನಿಟ್ಟಿನ ವಿಶ್ರಾಂತಿ

ಮೊದಲೆರಡು ಮೆಟ್ಟಿಲಿಗೆ ಮದ್ದಿಗಿಂತ ಇದೇ ದೊಡ್ಡದು, 4ರಿಂದ 6 ವಾರ. ಸಿಡಿದ ಡಿಸ್ಕಿನ ಹೊರಸುತ್ತು ಕೂಡಿಕೊಳ್ಳಲು ಅಷ್ಟು ಬೇಕು. ಸೋಲುವುದು ಸಾಮಾನ್ಯವಾಗಿ ನಾಲ್ಕೈದನೇ ದಿನ: ಮಾತ್ರೆಯಿಂದ ನೋವು ಇಳಿದಿರುತ್ತದೆ, ಗಾಯ ಹಾಗೆಯೇ ಇರುತ್ತದೆ, ಬಿಟ್ಟರು, ಪಾಗಾರ ಹಾರಿತು, ಹಿಂಗಾಲು ಹೋಯಿತು.

ಪಂಜರ ಕೊಳ್ಳಬೇಕೆಂದಿಲ್ಲ. ಜಗಲಿಯ ಮೂಲೆಗೆ ಅಡಿಕೆ ದಬ್ಬೆಯ ಅಡ್ಡ ಕಟ್ಟಿದರೆ ಸಾಕು. ನಾಯಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ, ಓಡುವಷ್ಟು ಅಲ್ಲ. ದಾರಿ ಕಾಣುವ ಕಡೆ ಬೇಡ, ಬೈಕಿಗೆ ಎಗರುತ್ತದೆ. ಸರಪಳಿ ಹಾಕಿ ಕಟ್ಟುವುದು ವಿಶ್ರಾಂತಿಯಲ್ಲ, ಪ್ರತಿ ಎಗರಿಗೂ ಕುತ್ತಿಗೆಗೆ ಹೊಡೆತ. ನುಣುಪಾದ ನೆಲಕ್ಕೆ ರಬ್ಬರ್ ಚಾಪೆ, ಅದರ ಮೇಲೆ ದಪ್ಪ ಹಾಸಿಗೆ. ಮಳೆಗಾಲದಲ್ಲಿ ಗೋಣಿ ಒಳಗೇ ಒದ್ದೆಯಾಗಿರುತ್ತದೆ, ದಿನಾ ಬದಲಿಸಿ. ಏಳಲಾಗದ ನಾಯಿಯನ್ನು 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಉಚ್ಚೆಗೆ ದಿನಕ್ಕೆ ಮೂರ್ನಾಲ್ಕು ಸಲ, ಐದೈದು ನಿಮಿಷ, ಎದೆಪಟ್ಟಿ ಹಾಕಿ. ಹಿಂಗಾಲು ತೂರಾಡಿದರೆ ಹಳೆಯ ಪಂಚೆಯನ್ನು ಮಡಚಿ ಹೊಟ್ಟೆಯಡಿ ತೂರಿಸಿ ಎತ್ತಿಹಿಡಿಯಿರಿ. ಗಂಡಾದರೆ ಶಿಶ್ನದ ಮೇಲೆ ಬಟ್ಟೆ ಬರದಂತೆ ಹಿಂದಕ್ಕೆ ಸರಿಸಿ.

ಮೊದಲ ಎರಡು ಮೂರು ದಿನ ಬಟ್ಟೆ ಸುತ್ತಿದ ಮಂಜುಗಡ್ಡೆ, 10 ನಿಮಿಷ, ದಿನಕ್ಕೆ ಮೂರು ಸಲ. ಆಮೇಲೆ ಬಿಸಿ ಶಾಖ, ನಿಮ್ಮ ಮಣಿಕಟ್ಟಿನ ಒಳಭಾಗ ತಾಳುವಷ್ಟು. ಸ್ಪರ್ಶ ಹೋದ ಜಾಗಕ್ಕೆ ಶಾಖ ಬೇಡ, ಸುಟ್ಟರೂ ಅದಕ್ಕೆ ಗೊತ್ತಾಗದು. ಕೊಬ್ಬರಿ ಎಣ್ಣೆ ಹಚ್ಚಿ ಬೆನ್ನು ತಿಕ್ಕುವುದೂ ಬೇಡ. ನೋವಿನ ಬಾಮು ಹಚ್ಚಿದರೆ ನೆಕ್ಕುತ್ತದೆ, ಅದರ ಕರ್ಪೂರ, ಸ್ಯಾಲಿಸಿಲೇಟ್ ಹೊಟ್ಟೆಗೆ ಹೋಗುತ್ತದೆ.

ಆರು ವಾರದ ನಂತರ ಸಮತಟ್ಟು ನೆಲದಲ್ಲಿ 5 ನಿಮಿಷದ ನಡಿಗೆಯಿಂದ ಶುರು, ವಾರಕ್ಕೆ 5 ನಿಮಿಷ ಏರಿಕೆ. ಒಣಮರಳಿನಲ್ಲಿ ಕಾಲು ಹುಗಿಯುತ್ತದೆ, ಮೊದಮೊದಲು ಒದ್ದೆ ಮರಳೇ ಸರಿ. ಮತ್ತೆ ಆ ಎರಡು ಗೆರೆ ಕಂಡರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ. ಮರುದಿನವೂ ಕಂಡರೆ ವೈದ್ಯರಿಗೆ ತೋರಿಸಿ.